ನಾಲ್ಕನೇ ಪ್ರಶ್ನೆಗೆ ಮೂರು ಹೌದು

೧
ಎಲ್ಲಿಂದ ಶುರು ಮಾಡಲಿ? 'ಉತ್ತರಹಳ್ಳಿಯಲ್ಲಿ ಒಂದು ಪುಟ್ಟ ಶಾಲೆ ಇತ್ತು' ಎಂದು ಬರೆದು ಹೊಡೆದುಹಾಕಿದೆ, ಅಜ್ಜಿಕಥೆಯಂತಾಯಿತು. ಸಂಬಳದಿಂದಲೇ ಶುರು ಮಾಡೋಣ. ೨೦೦೩ರಲ್ಲಿ ಸಂಘಮಿತ್ರಾ ಮಿಸ್‌ಗೆ ಸಂಬಳ ಕೊಡುತ್ತಿದ್ದದ್ದು ಶಾಲೆಯಲ್ಲ, ಹಾಲಿಗೆ ಬೆರೆಸುವ ಪುಡಿ ಮಾರುವ ಒಂದು ಕಂಪನಿ. ಅದಕ್ಕೆ ಅವಳು ಮೂರನೇ ಕ್ಲಾಸಿನ ಮಕ್ಕಳಿಗೆ ಪೌಷ್ಟಿಕ ಆಹಾರದ ಪಾಠ ಮಾಡಬೇಕು. ಪುಸ್ತಕವೂ ಕಂಪನಿಯದೇ. ಅದರಲ್ಲಿ ರಾಗಿಗೆ ಅರ್ಧ ಸಾಲು, ಪುಡಿಗೆ ಆರು ಪುಟ.

೩
(ಎರಡನೇ ಭಾಗ ಹರಿದುಹಾಕಿದೆ. ಅದರಲ್ಲಿ ಬರೀ ನನ್ನ ಭಾಷಣವಿತ್ತು.)

ವರ್ಷದ ಕೊನೆಗೆ ಅರವತ್ತು ಮಕ್ಕಳು ಪೆನ್ಸಿಲಿನಲ್ಲಿ ಕಂಪನಿಯ ಫಾರಂ ತುಂಬಿದರು. ನಾಲ್ಕನೇ ಪ್ರಶ್ನೆ: ಈ ಪುಡಿ ಕೊಡಿಸೆಂದು ಅಮ್ಮನನ್ನು ಕೇಳಿದೆಯಾ? 'ಹೌದು' ಎಂದವರು ಮೂವರೇ. ಸಂಘಮಿತ್ರಾಗೆ ಮೊದಲು ಆದದ್ದು ಸಮಾಧಾನ. ಐವತ್ತೇಳು ಮನೆಗಳಲ್ಲಿ ಮೊಟ್ಟೆ, ಬೇಳೆಯ ದುಡ್ಡು ಪುಡಿಗೆ ಹೋಗದೆ ಉಳಿಯಿತಲ್ಲ. ಅದರ ಬೆನ್ನಿಗೇ ಹೆದರಿಕೆ. ಇದನ್ನು ನೋಡಿದರೆ ಕಂಪನಿ ಸ್ಕೀಮು ನಿಲ್ಲಿಸುತ್ತದೆ, ಅವಳ ಕೆಲಸ ಹೋಗುತ್ತದೆ.

ರಬ್ಬರ್ ತಗೋ, ತಿದ್ದು ಎಂದೆ ಅವಳಿಗೆ, ಕಥೆ ಬರೆಯುವವನು ನಾನಲ್ಲವೇ. (ಕಥೆಗೆ ಒಂದು ತಪ್ಪಾದರೂ ಬೇಕಲ್ಲ.)

"ಆಗಲ್ಲ ಸಾರ್."

ಹಾಗಾದರೆ ಹರಿದು ಕಂಪನಿಯವರ ಮುಖಕ್ಕೆ ಎಸೆ ಎಂದೆ.

"ಮನೆ ಬಾಡಿಗೆ ನೀವು ಕಟ್ತೀರಾ? ಇದ್ದಿದ್ದು ಇದ್ದಂಗೆ ಕೊಡ್ತೀನಿ, ಸುಮ್ನಿರಿ."

೪
ಕಂಪನಿಯ ಬದರಿನಾಥ ಬಂದ. ಫಾರಂಗಳ ಮೂಲೆಗಳನ್ನು ಸರಸರ ಎಣಿಸಿದ.

"ಅರವತ್ತು. ಸರಿಯಾಗಿದೆ ಮೇಡಂ. ಮುಂದಿನ ವರ್ಷಾನೂ ನೀವೇ."

"ಉತ್ತರ ನೋಡಲ್ವಾ ಸಾರ್?"

"ಎಷ್ಟು ಮಕ್ಕಳಿಗೆ ಪಾಠ ಆಯ್ತು ಅಂತ ಮಾತ್ರ ಮೇಲಿನವರು ಕೇಳೋದು. ಇದನ್ನೆಲ್ಲ ಯಾರು ಓದ್ತಾರೆ?"

ಅವನು ಹೋದ ಮೇಲೆ ಅವಳು ಒಂದು ಲೋಟ ನೀರು ಕುಡಿದು, ಬದುಕಿದೆಯಾ ಬಡಜೀವವೇ ಎಂದುಕೊಂಡಳು. ನನಗೂ ಹಾಯೆನಿಸಿತು. (ಕಥೆ ಮಾತ್ರ ಕೆಟ್ಟಿತು.)

೫
ಎರಡು ಮುಕ್ತಾಯ ಇಟ್ಟುಕೊಂಡಿದ್ದೆ. ಒಂದರಲ್ಲಿ ರಾಜೀನಾಮೆ, ಇನ್ನೊಂದರಲ್ಲಿ ಪ್ರಮೋಷನ್. ಅಷ್ಟರಲ್ಲಿ ಜೂನ್ ಬಂತು, ಹೊಸ ಮಕ್ಕಳು ಬಂದರು. ಅದೇ ಪುಸ್ತಕ, ಮೊದಲನೇ ಪುಟ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಮಿಸ್, ನಿಮ್ಮನೇಲಿ ನೀವು ಇದನ್ನ ಕುಡೀತೀರಾ?"

'ಹೌದು' ಎಂದು ನಾನು ಬರೆದಿಟ್ಟಿದ್ದೆ. ಆದರೆ ಫಾರಂಗಳನ್ನು ಯಾರೂ ಓದುವುದಿಲ್ಲವೆಂದು ಗೊತ್ತಾದ ಮೇಲೆ ಅವಳಿಗೆ ಹೆದರಿಕೆ ಎಲ್ಲಿಯದು?

"ಇಲ್ಲಮ್ಮ" ಎಂದಳು ಸಂಘಮಿತ್ರಾ.

"ಮತ್ತೆ ಏನು ಕುಡೀತೀರಾ?"

ಅವಳು ಪುಸ್ತಕ ಮುಚ್ಚಿದಳು. ನನ್ನ ಕಡೆ ತಿರುಗಿ, "ಸಾರ್, ನೀವು ಸ್ವಲ್ಪ ಹೊರಗಿರಿ" ಎಂದು ಬಾಗಿಲು ಹಾಕಿಕೊಂಡಳು.

ಏನು ಹೇಳಿದಳೆಂದು ನನ್ನನ್ನು ಕೇಳಬೇಡಿ. ನಾನು ಕಾರಿಡಾರಿನಲ್ಲಿದ್ದೇನೆ. ಒಳಗೆ ಮಕ್ಕಳು ನಗುತ್ತಿದ್ದಾರೆ.