ಕತ್ತಲೆ ಕೋಣೆಯ ದೇವರು

ಪೀಣ್ಯದ ಆ ಚಿಕ್ಕ ಕಾರ್ಖಾನೆಯಲ್ಲಿ ಮೂರು ದಿನದಿಂದ ಯಾರ ಮುಖದಲ್ಲೂ ನಗುವಿರಲಿಲ್ಲ. ಸಾವಿರಾರು ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುವ ದೊಡ್ಡ ಸಮೀಕ್ಷೆಗೆಂದು ಅಲ್ಲಿ ಸ್ಪೆಕ್ಟ್ರೋಗ್ರಾಫ್ ತಯಾರಾಗಿತ್ತು. ಮೊದಲನೆಯದು ಪಾಸಾದರೆ ಉಳಿದವುಗಳ ಆರ್ಡರೂ ಇಲ್ಲಿಗೇ. ಇಲ್ಲವಾದರೆ ಕಾರ್ಖಾನೆಗೆ ಬೀಗ. ಹೊಸದಾಗಿ ಸೇರಿದ್ದ ಹೇಮಲತಾಳ ಮೊದಲ ನೌಕರಿಯೂ ಅದರ ಜೊತೆಗೇ ಹೋದಂತೆ.

ಪರೀಕ್ಷೆ ಸರಳ. ಕತ್ತಲೆ ಕೋಣೆಯಲ್ಲಿ ಯಂತ್ರದ ಬಾಯಿ ತೆರೆದಿಟ್ಟರೆ ಕಂಪ್ಯೂಟರ್ ಪರದೆ ಕಪ್ಪಾಗಿಯೇ ಉಳಿಯಬೇಕು. ಇಲ್ಲಿ ಮಾತ್ರ ಪ್ರತಿ ಸಲವೂ ನಿಯಾನ್ ಅನಿಲದ ಬೆಳಕಿಗೆ ಮಾತ್ರ ಬರುವ ಗೆರೆಗಳು ಮೂಡುತ್ತಿದ್ದವು. ಎಂಜಿನಿಯರ್ ವೀರೇಶ್, ಅಳತೆಗೆಂದು ಇಟ್ಟುಕೊಂಡಿದ್ದ ನಿಯಾನ್ ದೀಪವನ್ನು ಬಿಚ್ಚಿ ತನ್ನ ಟಿಫಿನ್ ಬ್ಯಾಗಿಗೆ ಹಾಕಿ ಜಿಪ್ ಎಳೆದ. ಗೆರೆಗಳು ಹೋಗಲಿಲ್ಲ.

"ಎಲ್ಲಾ ಲೈಟ್ ಆಫಾ?" ಎಂದು ಪ್ರತಿ ಪರೀಕ್ಷೆಗೆ ಮುಂಚೆ ಮಾಲೀಕ ಗೋಪಾಲಕೃಷ್ಣರು ಕೇಳುವರು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾಗಿ ಬಂದವರು, ಕೇಳದೆ ಏನನ್ನೂ ಶುರು ಮಾಡರು.

"ಎಲ್ಲಾ ಆಫ್ ಸಾರ್," ಎನ್ನುವನು ವೀರೇಶ್. ಗೋಪಾಲಕೃಷ್ಣರು ಮೂಲೆಯ ಗಣಪತಿ ಪಟಕ್ಕೆ ಕೈಮುಗಿದು ಗುಂಡಿ ಒತ್ತುವರು.

ಆ ದಿನ ಪರೀಕ್ಷೆಯ ನಡುವೆ ಕರೆಂಟ್ ಹೋಯಿತು. ಯುಪಿಎಸ್ ಮೇಲಿದ್ದ ಯಂತ್ರ ತನ್ನ ಪಾಡಿಗೆ ನಡೆಯಿತು. ಪರದೆ ಕಪ್ಪಗೆ, ತೊಳೆದಿಟ್ಟ ಸ್ಲೇಟಿನಂತಿತ್ತು.

"ಕೇಳಿಸ್ಕೊಂಡ ಕಣಯ್ಯಾ ದೇವರು," ಎಂದರು ಗೋಪಾಲಕೃಷ್ಣರು.

ಕರೆಂಟ್ ಬಂತು. ಗೆರೆಗಳೂ ಬಂದವು. ವೀರೇಶ್ ಸ್ಟೆಬಿಲೈಸರ್ ತರಿಸೋಣವೆಂದ. ಹೇಮಲತಾ ಮಾತ್ರ ಮೂಲೆಯನ್ನೇ ನೋಡುತ್ತಿದ್ದಳು. ಪಟದ ಮುಂದೆ ಜ್ವಾಲೆಯ ಆಕಾರದ ಪುಟ್ಟ ಬಲ್ಬು ಮಿಣಿಮಿಣಿ ಎನ್ನುತ್ತಿತ್ತು. ಅದರ ಬೆಳಕಿನಲ್ಲೇ ದಿನವೂ ಎಲ್ಲರೂ ಚಪ್ಪಲಿ ಹುಡುಕುತ್ತಿದ್ದರು. ಅದನ್ನು ಲೈಟ್ ಎಂದು ಯಾರೂ ಎಣಿಸಿರಲಿಲ್ಲ, ಅವಳೂ ಕೂಡ. ಮನಸ್ಸಿನಲ್ಲಿ ನಾಲ್ಕು ಸಲ ವಾಕ್ಯ ಜೋಡಿಸಿಕೊಂಡಳು. ಬಾಯಿಂದ ಬಂದದ್ದು ಅರ್ಧ.

"ಸಾರ್, ದೇವರು..."

"ಹೂಂ ಕಣಮ್ಮ, ಇನ್ನು ಅವನೇ ಕಾಪಾಡ್ಬೇಕು."

"ಅಲ್ಲ ಸಾರ್. ದೇವರ ದೀಪ. ಅದರೊಳಗಿರೋದೇ ನಿಯಾನ್. ಆರಿಸ್ಬೇಕು."

"ಈ ಶೆಡ್ ಪೂಜೆ ದಿನ ಹಚ್ಚಿದ್ದು. ನಾನಿರೋ ತನಕ ಆರಲ್ಲ," ಎಂದರು ಗೋಪಾಲಕೃಷ್ಣರು.

"ಈಗ್ತಾನೆ ಕರೆಂಟ್ ಹೋದಾಗ ಆರಿತ್ತಲ್ಲ ಸಾರ್?" ವೀರೇಶ್ ಮೆಲ್ಲಗೆ ಕೇಳಿದ.

"ಅದು ಕರೆಂಟ್‌ನೋರ ಪಾಪ."

ನಾಳೆ ಈ ಪರೀಕ್ಷೆ ನೋಡಲು ಸಮೀಕ್ಷೆಯವರು ಬರುತ್ತಾರೆ. "ಹಾಗಾದ್ರೆ ದೇವರನ್ನೇ ಆಚೆ ಕರ್ಕೊಂಡು ಹೋಗೋಣ ಸಾರ್," ಎಂದಳು ಹೇಮಲತಾ.

ಗೋಪಾಲಕೃಷ್ಣರು ಅವಳನ್ನೊಮ್ಮೆ, ಪಟವನ್ನೊಮ್ಮೆ ನೋಡಿದರು. "ಬೆಂಕಿಪೊಟ್ಟಣ ತಾರೋ," ಎಂದರು.

ಮೆರವಣಿಗೆ ಹೊರಟಿತು. ವೀರೇಶನ ಎದೆಗೆ ಪಟ, ಹೇಮಲತಾಳ ಕೈಯಲ್ಲಿ ಬಲ್ಬು. ಪ್ಲಗ್ ಕಿತ್ತಾಗಿನಿಂದ ಕ್ಯಾಂಟೀನಿನಲ್ಲಿ ಮತ್ತೆ ಸಿಕ್ಕಿಸುವವರೆಗೂ ಗೋಪಾಲಕೃಷ್ಣರು ದೇವರ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಕಡ್ಡಿಯ ಮೇಲೆ ಕಡ್ಡಿ ಗೀರಿ, ಬೆರಳು ಸುಟ್ಟುಕೊಳ್ಳುತ್ತ ಬೆಳಕು ಹಿಡಿದರು.

ಮರುದಿನ ಸಮೀಕ್ಷೆಯವರು ಬಂದು ಕತ್ತಲೆಯಲ್ಲಿ ನಿಂತರು. ಗೋಪಾಲಕೃಷ್ಣರು ಎಂದಿನಂತೆ ಕೇಳಿದರು.

"ಎಲ್ಲಾ ಲೈಟ್ ಆಫಾ?"

"ಎಲ್ಲಾ ಆಫ್ ಸಾರ್," ಎಂದ ವೀರೇಶ್.

"ದೇವರು ಆಚೆ ಇದ್ದಾರೆ ಸಾರ್," ಎಂದಳು ಹೇಮಲತಾ, ಎಲ್ಲರಿಗೂ ಕೇಳುವಂತೆ.

ಗೋಪಾಲಕೃಷ್ಣರು ಗೋಡೆಯ ಖಾಲಿ ಮೊಳೆಗೆ ಕೈಮುಗಿದು ಗುಂಡಿ ಒತ್ತಿದರು. ಪರದೆಯ ಮೇಲೆ ಏನೂ ಮೂಡಲಿಲ್ಲ.