ಕೊರಳ ಕಾವು

ಸರ್ವರ್ ಬೇಗಂ ಎರಡು ಸರಗಳನ್ನು ಬಿಳಿ ಬಟ್ಟೆಯ ಮೇಲಿಟ್ಟು, ಎದುರಿಗೆ ಕೂತವರ ಮುಡಿ ನೋಡಿದರು.

"ಮಲ್ಲಿಗೆ ಮುಡ್ಕೊಂಡು ಬಂದಿದೀರಲ್ಲಮ್ಮ. ಅಗರು ವಾಸನೆ ಹೆಂಗೆ ತಿಳಿಯುತ್ತೆ?"

ತುಮಕೂರಿನ ಹಬೀಬ್ ಸಾಬರ ಅತ್ತರಿನ ಅಂಗಡಿಯ ಹಿಂದೆಯೇ ಅವರ ಮನೆ. ಹೆಂಗಸರು ಬಂದರೆ ಒಳಕ್ಕೆ ಕಳಿಸುತ್ತಿದ್ದರು. ಅಗರು ಮರದ ಚೂರುಗಳನ್ನು ಆರಿಸಿ, ಮಣಿ ಮಾಡಿಸಿ ಪೋಣಿಸುವವರು ಅವರ ಹೆಂಡತಿ ಸರ್ವರ್ ಬೇಗಂ. ಗುಬ್ಬಿಯಿಂದ ಬೆಳಗಿನ ರೈಲಿಗೆ ಬಂದಿದ್ದವರು ಕಮಲಾಕ್ಷಮ್ಮ, ಅವರ ಮಗಳು ಶಾರದ, ನಾದಿನಿ ರಾಧಮ್ಮ. ಕನ್ನಡ ನಾಡೆಲ್ಲ ಒಂದಾಗಿ ಹೊಸ ರಾಜ್ಯವಾದ ಮರುವರ್ಷ ಅದು. ಶಾರದೆಯನ್ನು ಕುಣಿಗಲ್ಲಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಗಂಡಿನ ಮನೆಯಲ್ಲಿ ಒಂದು ಪದ್ಧತಿ: ಚಿನ್ನದ ಗುಂಡುಗಳ ನಡುವೆ ಅಗರು ಮಣಿ ಪೋಣಿಸಿದ ಸರವನ್ನು ಮದುಮಗಳು ತವರಿನಿಂದಲೇ ಹಾಕಿಕೊಂಡು ಬರಬೇಕು. ಅವಳು ನಮಸ್ಕಾರಕ್ಕೆ ಬಗ್ಗಿದಾಗ ಹುಡುಗನ ಅಜ್ಜಿ ಆ ಪರಿಮಳ ಮೂಸಿ ಹರಸುತ್ತಾರಂತೆ.

"ಮದುವೆ ಕೆಲಸಕ್ಕೆ ಹೊರಟೋಳು ಹೂವು ಹೆಂಗೆ ತೆಗೀಲಿ?" ಎಂದು ಕಮಲಾಕ್ಷಮ್ಮ ತುರುಬಿಗೆ ಕೈಯಿಟ್ಟುಕೊಂಡರು. ಕರ್ರಗೆ ಹೊಳೆಯುತ್ತಿದ್ದ ಸರವನ್ನೆತ್ತಿ ಮೂಸಿದರು. "ಇದೇ ಇರಲಿ. ಎಷ್ಟು ಘಮ್ಮಂತಿದೆ."

"ನಶ್ಯದ ಮೂಗು ಅಮ್ಮಂದು. ಅದಕ್ಕೇ ತಿಳಿದಿದೆ ಅಂದ್ರೆ ಬೀದಿಗೆಲ್ಲ ತಿಳಿದಿರುತ್ತೆ" ಎಂದಳು ಶಾರದ.

ಸರ್ವರ್ ಬೇಗಂ ನಗಲಿಲ್ಲ. "ತಣ್ಣಗಿದ್ದಾಗ್ಲೇ ಇಷ್ಟು ವಾಸನೆ ಬಿಟ್ರೆ ಎಣ್ಣೇಲಿ ನೆನೆಸಿದ್ದು ಅಂತ. ಕೇಳೋರಿದಾರೆ, ಅದ್ನೂ ಇಟ್ಟಿದೀವಿ. ಒಳ್ಳೇದು ಮೈ ಕಾವು ತಗಲೋವರ್ಗೂ ಸುಮ್ನಿರುತ್ತೆ. ಕೊರಳಿಗೆ ಹಾಕಿ ನೋಡ್ಬೇಕು. ಹೂವಿಲ್ದೇ ಇರೋರು ಒಬ್ರಿದಾರಲ್ಲ."

ತಾಯಿ ಮಗಳು ಇಬ್ಬರ ಕಣ್ಣೂ ರಾಧಮ್ಮನ ಕಡೆ ಹೊರಳಿತು. ರಾಧಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು. ಹೆರಿಗೆಯಾದ ಮೇಲೆ ಅತ್ತಿಗೆ ಬಹಳ ಕಾಲ ಹಾಸಿಗೆ ಹಿಡಿದಿದ್ದರಿಂದ ಶಾರದ ಬೆಳೆದದ್ದು ಇವಳ ಮಡಿಲಲ್ಲಿ. ಮದುವೆಯ ದಿನ ತಾನು ಉಗ್ರಾಣ ಬಿಟ್ಟು ಈಚೆ ಬರುವಂತಿಲ್ಲವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸಾಕಿದ ಮಗುವಿಗೆ ತನ್ನದೆಂಬುದು ಒಂದಾದರೂ ಸೇರಲಿ ಎಂದು ಆಸೆಪಟ್ಟಿದ್ದಳು. ಆ ಆಸೆಯನ್ನು ಬಾಯಿಬಿಟ್ಟು ಹೇಳಿರಲಿಲ್ಲ.

"ಮದುವೆ ಸರ ಕಣಮ್ಮ ಇದು" ಎಂದರು ಕಮಲಾಕ್ಷಮ್ಮ ಮೆಲ್ಲಗೆ.

"ಗೊತ್ತು" ಎಂದರು ಸರ್ವರ್ ಬೇಗಂ.

ಶಾರದ ಹೊಳಪಿಲ್ಲದ ಇನ್ನೊಂದು ಕಂದು ಸರವನ್ನೆತ್ತಿ ಅತ್ತೆಯ ಕೊರಳಿಗೆ ಕಟ್ಟಿಬಿಟ್ಟಳು. ರಾಧಮ್ಮನ ಕೈ ತಾನಾಗಿ ಸೆರಗನ್ನು ಎಳೆದುಕೊಂಡಿತು. ಬರಿದಾದ ಮೇಲೆ ಆ ಕೊರಳನ್ನು ಅವಳೇ ಸರಿಯಾಗಿ ಮುಟ್ಟಿ ನೋಡಿಕೊಂಡಿರಲಿಲ್ಲ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸೆರಗಿನೊಳಗಿಂದ, ಹಳೆಯ ಪೆಟ್ಟಿಗೆ ತೆರೆದಂತೆ, ಕಹಿಯೂ ಸಿಹಿಯೂ ಆದ ಒಂದು ವಾಸನೆ ಎದ್ದಿತು.

"ಇದು" ಎಂದಳು ರಾಧಮ್ಮ.

ಮನೆಗೆ ತಂದ ಸರವನ್ನು ಕಮಲಾಕ್ಷಮ್ಮ ದೇವರ ಮುಂದೆ ಅರಿಶಿನದ ನೀರಿನಲ್ಲಿ ಹಾಕಿಟ್ಟರು. ಅಂಗಡಿಯಿಂದ ಬಂದದ್ದು, ಶುದ್ಧಿಯಾಗಲಿ ಎಂದರು. ತೊಳೆಯುತ್ತಿರುವುದು ಅಂಗಡಿಯನ್ನಲ್ಲ ಎಂದು ರಾಧಮ್ಮನಿಗೆ ತಿಳಿಯಿತು. ಬೆಳಿಗ್ಗೆ ತೆಗೆದು ನೋಡಿದರೆ ಮಣಿಗಳು ಹಳದಿ ಹಿಡಿದು ಊದಿದ್ದವು. ಹಸಿ ಅರಿಶಿನದ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅತ್ತಿಗೆ ನಾದಿನಿ ಮತ್ತೆ ರೈಲು ಹತ್ತಿದರು. ಸರ್ವರ್ ಬೇಗಂ ಮಣಿಗಳನ್ನು ಒಂದೊಂದಾಗಿ ಒರೆಸಿದರು, ಬೈಯಲಿಲ್ಲ.

"ನೆರಳಲ್ಲಿ ಒಣಗ್ಸಿ. ಬಿಸಿಲು ಕಂಡ್ರೆ ಸೀಳುತ್ತೆ. ಆಮೇಲೆ ಮದುವೆವರ್ಗೂ ಯಾರಾದ್ರೂ ಹಗಲೆಲ್ಲ ಹಾಕ್ಕೊಂಡಿರ್ಬೇಕು. ಮೈ ಕಾವಿಗೆ ಅದರದ್ದು ಅದಕ್ಕೆ ವಾಪಸ್ ಬರುತ್ತೆ. ಅರಿಶಿನ ಹಚ್ಚೋ ಮೈ ಮಾತ್ರ ಬೇಡ."

ಮನೆಯಲ್ಲಿ ಅರಿಶಿನ ಹಚ್ಚದ ಕೊರಳು ಒಂದೇ ಇತ್ತು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕಮಲಾಕ್ಷಮ್ಮ ನಶ್ಯದ ಡಬ್ಬಿ ತೆಗೆದರು, ಏರಿಸದೆ ಮುಚ್ಚಿದರು. ಹಳಿಯ ಕಡೆ ನೋಡುತ್ತ, "ನೀನೇ ಹಾಕ್ಕೋಬೇಕಾಗುತ್ತೆ ಕಣೆ ರಾಧಾ" ಎಂದರು.

ರಾಧಮ್ಮ ಹಾಕಿಕೊಂಡಳು. ಮೊದಮೊದಲು ಅದು ಬೇರೆಯವರ ಒಡವೆಯಂತೆ ಚುಚ್ಚುತ್ತಿತ್ತು. ಒಲೆಯ ಮುಂದೆ ಕೂತಾಗ, ರುಬ್ಬುವ ಗುಂಡಿನ ಮೇಲೆ ಬಗ್ಗಿದಾಗ, ಅರಿಶಿನದ ಅಡಿಯಿಂದ ಆ ಹಳೆಯ ವಾಸನೆ ಎಳೆಎಳೆಯಾಗಿ ಮೇಲೇಳತೊಡಗಿತು. ಅದು ತನ್ನ ಮೈಯಿಂದ ಬರುತ್ತಿದೆ ಎಂಬುದೇ ಅವಳಿಗೆ ವಿಚಿತ್ರವಾಗಿ ಕಂಡಿತು. ಈ ಮೈ ಇಷ್ಟು ದಿನ ಹಿಟ್ಟು ಬೀಸಿತ್ತು, ನೀರು ಹೊತ್ತಿತ್ತು. ಅದರೊಳಗೆ ಇನ್ನೂ ಕಾವಿದೆ, ಅದು ಬೇರೊಂದಕ್ಕೆ ಬೇಕಾಗುತ್ತದೆ ಎಂದು ಅವಳು ಎಣಿಸಿರಲಿಲ್ಲ. ಸಂತೋಷವಾಗುತ್ತಿತ್ತು. ಸಂತೋಷವಾದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಒಂದು ದಿನ ಬಡಿಸುತ್ತಿದ್ದಾಗ ಅಣ್ಣ ಅನಂತರಾಮಯ್ಯ ತಲೆಯೆತ್ತಿ, "ಇದೇನು, ಊಟದ ಮನೇಲಿ ದೇವರ ಮನೆ ವಾಸನೆ?" ಎಂದರು.

"ಸುಮ್ನೆ ಊಟ ಮಾಡಿ" ಎಂದರು ಕಮಲಾಕ್ಷಮ್ಮ.

ಧಾರೆಯ ದಿನ ಬೆಳಿಗ್ಗೆ ಓಲಗ ಶುರುವಾದ ಮೇಲೆ ಕಮಲಾಕ್ಷಮ್ಮ ತಟ್ಟೆ ಹಿಡಿದು ಉಗ್ರಾಣಕ್ಕೆ ಬಂದರು. ರಾಧಮ್ಮ ತೆಂಗಿನಕಾಯಿಗಳ ನಡುವೆ ಕೂತಿದ್ದಳು. ಕೈಯನ್ನು ಕತ್ತಿನ ಹಿಂದಕ್ಕೆ ಒಯ್ದಳು. ಬೆರಳು ಗಂಟಿಗೆ ತಾಗಿತು, ಬಿಚ್ಚಲಾಗಲಿಲ್ಲ.

"ನೀವೇ ಬಿಚ್ಚಿ ಅತ್ತಿಗೆ."

ಕಮಲಾಕ್ಷಮ್ಮ ಹಿಂದೆ ಬಂದು ನಿಂತರು. ಬಹಳ ಹೊತ್ತು ಆ ಕೈ ಕತ್ತಿಗೆ ತಾಗಲಿಲ್ಲ.

"ಆವತ್ತು ನಿನ್ನ ತಾಳಿ ತೆಗೆಯೋವಾಗ ಭುಜ ಒತ್ತಿ ಹಿಡ್ಕೊಂಡಿದ್ದೋಳು ನಾನು" ಎಂದರು. "ಇನ್ನೊಂದು ಸಲ ನನ್ನ ಕೈಲಿ ಆಗಲ್ಲ ಕಣೆ."

ತಟ್ಟೆಯನ್ನು ಅಕ್ಕಿ ಮೂಟೆಯ ಮೇಲಿಟ್ಟು ಹೊರಗೆ ಹೋದರು. ಓಲಗದ ನಡುವೆ ಯಾರದೋ ಗೊಣಗಾಟ ಕೇಳಿಸಿತು. ಮದುಮಗಳು ಉಗ್ರಾಣಕ್ಕೆ ಹೋಗುವುದುಂಟೇ ಎಂದು. "ಉಂಟು" ಎಂದ ದನಿ ಅತ್ತಿಗೆಯದು.

ಹಣೆಗೆ ಬಾಸಿಂಗ ಕಟ್ಟಿದ್ದ ಶಾರದ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದು, ರಾಧಮ್ಮನ ಎದುರಿಗೆ ನೆಲದ ಮೇಲೇ ಕೂತಳು. ಕೈ ಚಾಚಿ ಗಂಟು ಬಿಚ್ಚಿದಳು. ಸರವನ್ನು ತಟ್ಟೆಗೆ ಹಾಕದೆ ಅತ್ತೆಯ ಕೈಗೇ ಕೊಟ್ಟು ಕತ್ತು ಬಗ್ಗಿಸಿದಳು.

"ಕಟ್ಟು ಅತ್ತೆ. ಆರಿಹೋಗೋಕ್ಮುಂಚೆ."

ರಾಧಮ್ಮ ಕಟ್ಟಿದಳು. ಮಣಿಗಳು ಇನ್ನೂ ಬೆಚ್ಚಗಿದ್ದವು.