ಗಾಂಜಾ ಪ್ರಶ್ನೆಗೆ ಸೂಜಿಯಕ್ಕ ‘ಹೂಂ’ ಅನ್ನಲಿಲ್ಲ

ಬಟ್ಟೆ ಹೊಲಿಯುವ ಸೂಜಿಯಕ್ಕನ ಬಾಯಲ್ಲಿ ಸದಾ ಗುಂಡುಸೂಜಿ. ಹಾಗಾಗಿ ಯಾರು ಏನೇ ಕೇಳಲಿ, ಒಂದೇ ಉತ್ತರ: “ಹೂಂ.” ಗಂಡನಿಗಂತೂ ಇದು ಬಹಳ ಅನುಕೂಲವಾಗಿತ್ತು ಬಿಡಿ!

ಗಾಂಜಾವನ್ನು ಕಾನೂನುಬದ್ಧ ಮಾಡಬೇಕೇ ಬೇಡವೇ ಎಂದು ಜನಾಭಿಪ್ರಾಯ ಕೇಳಲು ಅಧಿಕಾರಿಗಳು ಅಂದು ಸಂಜೆ ಶಾಲೆಯಲ್ಲಿ ಸಭೆ ಕರೆದಿದ್ದರು.

“ಬೇಡ ಅಂತ ನಾನೇ ಹೇಳಿಬರ್ತೀನಿ. ಸೇದೋರನ್ನೆಲ್ಲ ಹಿಡಿದು ಒಳಗೆ ಹಾಕಲಿ. ಅಲ್ವೇನೇ?” ಎಂದ ಗಂಡ, ತನ್ನ ಕ್ಷೌರದಂಗಡಿಗೆ ಹೊರಡುತ್ತಾ.

“ಹೂಂ.”

ಹೂಂ ಎಂದಳೇನೋ ಸರಿ, ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟುಬಿಟ್ಟಳು. ಪಕ್ಕದಲ್ಲೇ ಗುಂಡಿ ಹೊಲಿಯುತ್ತಿದ್ದ ಅವಳ ತಮ್ಮ ತಲೆ ತಗ್ಗಿಸಿದ. ಗಾಂಜಾ ಸೇದಿ ಸಿಕ್ಕಿಬಿದ್ದು ಜೈಲು ಕಂಡವನು ಅವನು. ಆಮೇಲೆ ಚಿಕಿತ್ಸೆ ಪಡೆದು ಚಟ ಬಿಟ್ಟಿದ್ದ. ಆದರೂ ಯಾರೂ ಕೆಲಸ ಕೊಡುತ್ತಿರಲಿಲ್ಲ.

ಸಮವಸ್ತ್ರದ ಅಳತೆ ಕೊಡಲು ಬಂದ ನರ್ಸ್ ಗೆಳತಿ ಕೇಳಿದಳು, “ಸಭೆಗೆ ಬರ್ತೀಯಲ್ಲ?”

ಸೂಜಿಯಕ್ಕ ಗುಂಡುಸೂಜಿ ತೆಗೆದಳು. “ನಾನ್ಯಾಕೆ? ಅವರು ಹೇಳಿದ್ರೆ ಸಾಲದಾ?”

“ಬಾಯಿ ಬಾಡಿಗೆಗೆ ಕೊಟ್ಟಿದ್ದೀಯೇನೇ?”

“ಬೇಕು ಅಂದ್ರೆ ಹುಡುಗರು ಹಾಳಾಗ್ತಾರೆ. ಬೇಡ ಅಂದ್ರೆ ಇವನಂಥೋರು ಜೈಲಿಗೆ. ಏನಂತ ಹೇಳಲಿ?”

“ಎರಡೇ ದಾರಿ ಅಂತ ಯಾರು ಹೇಳಿದ್ರು? ಬೆಳೆಯೋ ಹುಡುಗರ ಮಿದುಳಿಗೆ ಗಾಂಜಾ ಕೆಟ್ಟದ್ದು, ನಿಜ. ಮಾರೋದು ಒಂದು ಪ್ರಶ್ನೆ. ಸೇದಿದವನಿಗೆ ಶಿಕ್ಷೆನೋ ಚಿಕಿತ್ಸೆನೋ ಅನ್ನೋದು ಇನ್ನೊಂದು. ಎರಡಕ್ಕೂ ನಿನ್ನ ಮನಸ್ಸಲ್ಲಿರೋದನ್ನ ಹೇಳು. ಹೇಳದೇ ಇದ್ರೆ ಅಧಿಕಾರಿಗಳಿಗೇನು ಕನಸು ಬೀಳುತ್ತಾ?”

ಸಂಜೆ ತಮ್ಮನನ್ನೂ ಕರೆದುಕೊಂಡು ಸಭೆಗೆ ಹೋದಳು. ಗಂಡ ಆಗಲೇ ಎದ್ದು ನಿಂತಿದ್ದ. “ನಮ್ಮನೇಲಿ ಎಲ್ಲರದೂ ಒಂದೇ ಅಭಿಪ್ರಾಯ. ಅಲ್ವೇನೇ?”

“ಹೂ—” ಎಂದವಳು ತುಟಿ ಮುಟ್ಟಿಕೊಂಡಳು. ಗುಂಡುಸೂಜಿ ಒಂದೂ ಇರಲಿಲ್ಲ.

“ಅಲ್ಲ,” ಎಂದಳು. “ಅಂಗಡೀಲಿ ಮಾರೋದು ನನಗೂ ಬೇಡ. ಆದ್ರೆ ಚಟಕ್ಕೆ ಬಿದ್ದವರನ್ನ ಆಸ್ಪತ್ರೆಗೆ ಕಳಿಸಿ, ಜೈಲಿಗಲ್ಲ. ಇವನು ನನ್ನ ತಮ್ಮ. ಚಿಕಿತ್ಸೆಯಿಂದ ಸರಿಹೋದ. ಹಾಗಂತ ಹೇಳಿಕೊಳ್ಳೋಕೆ ನನಗೆ ಹೆಮ್ಮೆ.”

“ನಾನು ಒಪ್ಪಲ್ಲಮ್ಮ,” ಎಂದ ಹಿಂದಿನ ಸಾಲಿನ ಬಸ್ ಚಾಲಕ. “ಕಾನೂನು ಒಪ್ಪಿದ್ರೇನೇ ಕಳ್ಳದಂಧೆ ನಿಲ್ಲೋದು. ಆದ್ರೂ ನೀನು ಹೇಳಿದ್ದು ಒಳ್ಳೇದಾಯ್ತು.”

ಎಲ್ಲರೂ ಗಂಡನ ಮುಖ ನೋಡಿದರು. ಅವನು ಗಂಟಲು ಸರಿಮಾಡಿಕೊಂಡ. “ಬರ್ಕೊಳ್ಳಿ ಸ್ವಾಮಿ, ನಮ್ಮನೇಲಿ ಎರಡು ಅಭಿಪ್ರಾಯ! ಎರಡನೇದು ನನ್ನ ಹೆಂಡತೀದು!” ಆಮೇಲೆ ಭಾವಮೈದುನನ ಹೆಗಲು ತಟ್ಟಿದ. “ನಾಳೆಯಿಂದ ಅಂಗಡಿಗೆ ಬಾರೋ. ಕತ್ತರಿ ಹಿಡಿಯೋದು ನಾನು ಕಲಿಸ್ತೀನಿ.”

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಗಾಂಜಾಕ್ಕೆ ಅನುಮತಿ ಬೇಕು ಅನ್ನಿ, ಬೇಡ ಅನ್ನಿ, ಅದು ನಿಮಗೆ ಬಿಟ್ಟದ್ದು. ಆದರೆ ವಿಷಯ ತಿಳಿದುಕೊಂಡು ಅನ್ನಿ, ನೀವೇ ಬಂದು ಅನ್ನಿ. ಅದಕ್ಕೂ ಮೊದಲು ಬಾಯಿಂದ ಗುಂಡುಸೂಜಿ ತೆಗೆಯಿರಿ!